ಮೆಚ್ಚದಿದ್ದರೆ ತಪ್ಪು ಯಾರದು?

ಮೆಲ್ಬರ್ನ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಈಚೆಗೆ ಒಂದು ದೀರ್ಘವಾದ ಪತ್ರ ಬಂದಿತು. ಅವಳ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಮಂದಿ ಓದುಗರು ಕೂಡುತ್ತಾರಂತೆ. ಆಸ್ಟ್ರೇಲಿಯಾದಲ್ಲಿ ಬಹುಮಾನ ಪಡೆದ ಕಾದಂಬರಿಯೊಂದನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದು, ಚಹಾ ಕುಡಿಯುತ್ತ ತಮ್ಮ ತಮ್ಮ ಅಭಿಪ್ರಾಯ ಹೇಳುವುದು ಅಲ್ಲಿಯ ಪದ್ಧತಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಇವಳೂ ಹೋಗತೊಡಗಿದಳು. ಮೊದಲ ದಿನದ ಪುಸ್ತಕ ಪ್ಯಾಟ್ರಿಕ್ ವೈಟ್‌ನ ‘ವಾಸ್’.

ಅವಳಿಗೆ ಅದು ಹಿಡಿಸಲಿಲ್ಲ. ಮೂರು ಸಲ ಪ್ರಾರಂಭಿಸಿ ಮೂರು ಸಲವೂ ನಿದ್ರೆಹೋದಳಂತೆ. ಆದರೂ ತನ್ನ ಸರದಿ ಬಂದಾಗ “ಅದ್ಭುತವಾಗಿದೆ” ಎಂದು ಹೇಳಿ ಕುಳಿತುಬಿಟ್ಟಳು. ಪಕ್ಕದಲ್ಲಿದ್ದ ಮುದುಕಿ, ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು, “ನಾನು ಅರ್ಧಕ್ಕೇ ಬಿಟ್ಟೆ. ಈತನ ವಾಕ್ಯಗಳ ಮೇಲೆ ನಡೆದರೆ ಕಾಲು ನೋಯುತ್ತದೆ” ಎಂದಳು. ಎಲ್ಲರೂ ನಕ್ಕರು, ಚರ್ಚೆಗೆ ಜೀವ ಬಂದಿತು. ನನ್ನ ವಿದ್ಯಾರ್ಥಿನಿ ಮಾತ್ರ ಮನೆಗೆ ಹೋಗಿ ಕೊರಗಿದಳು. “ಮೇಷ್ಟ್ರೇ, ಬಹುಮಾನ ಬಂದ ಪುಸ್ತಕ ನನಗೆ ಹಿಡಿಸದಿದ್ದರೆ ತಪ್ಪು ನನ್ನದೋ, ಪುಸ್ತಕದ್ದೋ? ಅದು ಹೋಗಲಿ, ಓದಿದ ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳುವುದನ್ನು ನಾನು ಎಲ್ಲಿ ಕಲಿತೆ?” ಎಂದು ಪತ್ರ ಮುಗಿಸಿದ್ದಾಳೆ.

ಎರಡನೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಆದರೆ ಅದನ್ನು ಕೊನೆಗೆ ಹೇಳುತ್ತೇನೆ. ಮೊದಲನೆಯದನ್ನು ಕುರಿತು ವಾಚಕರೊಡನೆ ಕೊಂಚ ಮಾತನಾಡಬೇಕಾಗಿದೆ.

ಆಸ್ಟ್ರೇಲಿಯಾದ ಕಾದಂಬರಿಗಳಿಗೆ ಸಲ್ಲುವ ಬಹುಮಾನಗಳಲ್ಲಿ ಹೆಚ್ಚಿನ ಹೆಸರು ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯದು. ಹೆಸರು ಗಂಡಸಿನದಾದರೂ ವ್ಯಕ್ತಿ ಹೆಂಗಸು: ಸ್ಟೆಲ್ಲಾ ಮರಿಯಾ ಸಾರಾ ಮೈಲ್ಸ್ ಫ್ರಾಂಕ್ಲಿನ್. 1901ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ, ‘ಮೈ ಬ್ರಿಲಿಯಂಟ್ ಕೆರಿಯರ್’ ಎಂಬ ಕಾದಂಬರಿಯನ್ನು ಪ್ರಕಟಿಸಿ ಪ್ರಸಿದ್ಧಳಾದ ಈಕೆ 1954ರಲ್ಲಿ ತೀರಿಕೊಂಡಳು. ಮಿತವ್ಯಯದಿಂದ ಬದುಕಿ ಉಳಿಸಿದ ಹಣವನ್ನು ಸಾಹಿತ್ಯಕ್ಕೆಂದು ಉಯಿಲು ಬರೆದಿಟ್ಟಿದ್ದಳು. ಕೃತಿಯು ಅತ್ಯುನ್ನತ ಸಾಹಿತ್ಯಗುಣವುಳ್ಳದ್ದಾಗಿರಬೇಕು. ಆಸ್ಟ್ರೇಲಿಯಾದ ಬಾಳನ್ನು ಅದರ ಯಾವುದಾದರೊಂದು ಮುಖದಿಂದ ಚಿತ್ರಿಸಬೇಕು: ಇವು ಅವಳು ವಿಧಿಸಿದ ನಿಬಂಧನೆಗಳು. 1957ರಲ್ಲಿ ಮೊದಲ ಬಹುಮಾನ, ಐನೂರು ಪೌಂಡು, ಇದೇ ‘ವಾಸ್’ ಕಾದಂಬರಿಗೆ ಸಂದಿತು. ಆಸ್ಟ್ರೇಲಿಯಾದ ಒಳನಾಡನ್ನು ದಾಟಹೊರಟು 1848ರಲ್ಲಿ ಕಣ್ಮರೆಯಾದ ಜರ್ಮನ್ ಅನ್ವೇಷಕ ಲುಡ್ವಿಗ್ ಲೈಕ್‌ಹಾರ್ಟ್‌ನ ಬಾಳು ಅದಕ್ಕೆ ಪ್ರೇರಣೆ.

ವೈಟ್‌ನ ವಿಷಯದಲ್ಲಿ ಓದುಗರು ಎರಡು ಪಂಗಡವಾದುದು ಇಂದು ನಿನ್ನೆಯ ಮಾತಲ್ಲ. ಅವನ ‘ದ ಟ್ರೀ ಆಫ್ ಮ್ಯಾನ್’ ಹೊರಬಂದಾಗ, ಆ ದೇಶದ ಶ್ರೇಷ್ಠ ಕವಿಗಳಲ್ಲೊಬ್ಬನೂ ಪ್ರಾಧ್ಯಾಪಕನೂ ಆದ ಎ. ಡಿ. ಹೋಪ್, 1956ರಲ್ಲಿ ಸಿಡ್ನಿಯ ಪತ್ರಿಕೆಯೊಂದರಲ್ಲಿ ವಿಮರ್ಶೆ ಬರೆದು, ಅದರ ಗದ್ಯವನ್ನು ಬರಿಯ ಕೆಸರೆಂದು ಹಳಿದನು. 1973ರಲ್ಲಿ ಅದೇ ವೈಟ್‌ಗೆ ನೊಬೆಲ್ ಪಾರಿತೋಷಕ ಬಂದಿತು. ಹಾಗಾದರೆ ಹೋಪ್ ಸೋತನೆನ್ನೋಣವೆ? ಮತ್ತೊಂದು ಕಥೆ ಕೇಳಿ. 2006ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದು ವೈಟ್‌ನ ‘ದ ಐ ಆಫ್ ದ ಸ್ಟಾರ್ಮ್’ ಕಾದಂಬರಿಯ ಒಂದು ಅಧ್ಯಾಯವನ್ನು ಪ್ರತಿಮಾಡಿಸಿ, ಲೇಖಕನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ರೈತ್ ಪಿಕೆಟ್’ ಎಂಬ ಸುಳ್ಳು ಹೆಸರಿನಲ್ಲಿ ಪ್ರಕಾಶಕರಿಗೂ ಸಾಹಿತ್ಯ ಪ್ರತಿನಿಧಿಗಳಿಗೂ ಕಳುಹಿಸಿತು. ಒಬ್ಬರಾದರೂ ಅದನ್ನು ಒಪ್ಪಿಕೊಳ್ಳಲಿಲ್ಲ! ಹೆಸರು ತಿಳಿದಾಗ ಕೈಮುಗಿಯುವವರು ಹೆಸರು ಮರೆಯಾದೊಡನೆ ಬಾಗಿಲು ಮುಚ್ಚಿದರು. ನನ್ನ ವಿದ್ಯಾರ್ಥಿನಿ ಆ ಸಂಜೆ ಮಾಡಿದುದೂ ಇದನ್ನೇ. ಅವಳು ಹೆಸರಿಗೆ ಕೈಮುಗಿದಳು, ಪುಸ್ತಕಕ್ಕಲ್ಲ.

ತೀರ್ಪುಗಾರರೇನು ತಪ್ಪದವರೆ? 1995ರಲ್ಲಿ ಹೆಲೆನ್ ಡೆಮಿಡೆಂಕೊ ಎಂಬ ತರುಣಿಯ ‘ದ ಹ್ಯಾಂಡ್ ದಟ್ ಸೈನ್ಡ್ ದ ಪೇಪರ್’ ಕಾದಂಬರಿಗೆ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ದೊರೆಯಿತು. ಯಹೂದ್ಯರ ನರಮೇಧದಲ್ಲಿ ಕೈಗೂಡಿಸಿದ ಉಕ್ರೇನಿನ ಜನರ ಕಥೆ ಅದು. ಲೇಖಕಿ ತಾನೂ ಉಕ್ರೇನಿನ ಮನೆತನದವಳೆಂದು ಹೇಳಿಕೊಂಡಿದ್ದಳು. ಯಹೂದ್ಯರ ಮೇಲಣ ದ್ವೇಷಕ್ಕೆ ಪುಸ್ತಕವು ನೆಪ ಹುಡುಕಿಕೊಡುತ್ತದೆಯೆಂದು ಹಲವರು ಆಗಲೇ ಆಕ್ಷೇಪಿಸಿದ್ದರು. ಅದೇ ವರ್ಷ ಗುಟ್ಟು ರಟ್ಟಾಯಿತು: ಅವಳ ನಿಜನಾಮ ಹೆಲೆನ್ ಡಾರ್ವಿಲ್, ತಂದೆತಾಯಿಗಳು ಇಂಗ್ಲೆಂಡಿನಿಂದ ಬಂದವರು. ದೇಶದಲ್ಲೆಲ್ಲ ಕೋಲಾಹಲವೆದ್ದಿತು, ಬಹುಮಾನವನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ನಿನ್ನೆ ಕೊಂಡಾಡಿದ ಪುಟಗಳು ಇಂದು ಅವೇ ಪುಟಗಳು, ಒಂದಕ್ಷರವೂ ಬದಲಾಗಿಲ್ಲ. ಓದುಗನ ಮನಸ್ಸು ಬದಲಾಗಬೇಕೆ? ಬದಲಾದರೆ ನಾನು ತಪ್ಪೆನ್ನಲಾರೆ. “ಇದು ನಮ್ಮ ಮನೆಯ ನೋವು” ಎಂದು ನಂಬಿಸಿ ಕಥೆ ಹೇಳುವವನು ನಮ್ಮಿಂದ ಒಂದು ಬಗೆಯ ವಿಶ್ವಾಸವನ್ನು ಸಾಲವಾಗಿ ಪಡೆದಿರುತ್ತಾನೆ. ಸುಳ್ಳಾದಾಗ ಸಾಲ ವಸೂಲಾಗಲೇಬೇಕು. ಆದರೆ ಲೇಖಕಿಯ ಹೆಸರನ್ನು ನೋಡದೆ ಪುಸ್ತಕದೊಳಗೇ ದೋಷ ಕಂಡವರು ಗುಟ್ಟು ಬಯಲಾದ ಮೇಲೆ ಒಂದು ಮಾತನ್ನೂ ತಿದ್ದಿಕೊಳ್ಳಬೇಕಾಗಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ‘ಆಸ್ಟ್ರೇಲಿಯಾದ ಬಾಳು’ ಎಂದರೇನು? 1994ರಲ್ಲಿ ಫ್ರಾಂಕ್ ಮೂರ್‌ಹೌಸ್‌ನ ‘ಗ್ರ್ಯಾಂಡ್ ಡೇಸ್’ ಕಾದಂಬರಿಯನ್ನು ತೀರ್ಪುಗಾರರು ಸ್ಪರ್ಧೆಯಿಂದಲೇ ಹೊರಗಿಟ್ಟರು. ಕಥಾನಾಯಕಿ ಆಸ್ಟ್ರೇಲಿಯಾದ ಹುಡುಗಿಯೇ. ಆದರೆ ಅವಳು ದುಡಿಯುವುದು ಜಿನೀವಾದ ರಾಷ್ಟ್ರಸಂಘದ ಕಚೇರಿಯಲ್ಲಿ. ವಿಚಿತ್ರವೆಂದರೆ, ಅದೇ ಕಥೆಯ ಮುಂದಿನ ಭಾಗವಾದ ‘ಡಾರ್ಕ್ ಪ್ಯಾಲೆಸ್’ 2001ರಲ್ಲಿ ಅದೇ ಬಹುಮಾನವನ್ನು ಪಡೆಯಿತು. ನಿಬಂಧನೆ ಅದೇ, ಓದಿದ ಕಣ್ಣು ಬೇರೆ.

ಇಲ್ಲಿ ಕನ್ನಡ ನಾಡಿನ ಸಂಬಂಧವೊಂದು ಬಂದುಹೋಗುತ್ತದೆ. ಮಂಗಳೂರಿನಲ್ಲಿ ಬೆಳೆದು, ಹುಡುಗನಾಗಿದ್ದಾಗಲೇ ಸಿಡ್ನಿಗೆ ಹೋಗಿ ಓದಿದ ಅರವಿಂದ ಅಡಿಗರು 2008ರಲ್ಲಿ ‘ದ ವೈಟ್ ಟೈಗರ್’ ಕೃತಿಗೆ ಬೂಕರ್ ಬಹುಮಾನ ಪಡೆದುದು ವಾಚಕರಿಗೆ ತಿಳಿದದ್ದೇ. ಅವರ ‘ಅಮ್ನೆಸ್ಟಿ’ 2021ರಲ್ಲಿ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಸೇರಿತ್ತು. ಪರವಾನಿಗೆಯಿಲ್ಲದೆ ಸಿಡ್ನಿಯಲ್ಲಿ ಉಳಿದು ಮನೆಗಳನ್ನು ಗುಡಿಸಿ ಸಾರಿಸುವ ಶ್ರೀಲಂಕೆಯ ತಮಿಳು ಯುವಕನೊಬ್ಬನಿಗೆ ಒಂದು ಕೊಲೆಯ ಸುಳಿವು ಸಿಕ್ಕುತ್ತದೆ. ಪೊಲೀಸರಿಗೆ ಹೇಳಿದರೆ ತಾನು ದೇಶಭ್ರಷ್ಟ, ಹೇಳದಿದ್ದರೆ ಧರ್ಮಭ್ರಷ್ಟ. ಜಿನೀವಾದ ಕಚೇರಿಯನ್ನು ಹೊರಗಿಟ್ಟ ಪ್ರಶಸ್ತಿಯೇ ಈ ಪರದೇಶಿಯ ಪೊರಕೆಯನ್ನು ಆಸ್ಟ್ರೇಲಿಯಾದ ಬಾಳೆಂದು ಗುರುತಿಸಿತು. 2023ರಲ್ಲಿ ತಮಿಳು ಮೂಲದ ಶಂಕರಿ ಚಂದ್ರನ್ ಅವರ ‘ಚಾಯ್ ಟೈಮ್ ಅಟ್ ಸಿನಮನ್ ಗಾರ್ಡನ್ಸ್’ ಕೃತಿಗೆ ಬಹುಮಾನವೇ ಬಂದಿತು.

ಆ ನೆಲದ ಮೂಲನಿವಾಸಿಗಳಾದರೋ ಇದಕ್ಕಾಗಿ ಬಹುಕಾಲ ಕಾಯಬೇಕಾಯಿತು. ನ್ಯೂಂಗಾರ್ ಜನಾಂಗದ ಕಿಮ್ ಸ್ಕಾಟ್ ತನ್ನ ‘ಬೆನಾಂಗ್’ ಕಾದಂಬರಿಗಾಗಿ ಈ ಪ್ರಶಸ್ತಿಯಲ್ಲಿ ಪಾಲು ಪಡೆದುದು 2000ದಲ್ಲಿ. ಅವರಲ್ಲಿ ಅದನ್ನು ಪಡೆದ ಮೊದಲಿಗನು ಅವನೇ. ಬಳಿಕ 2007ರಲ್ಲಿ ವಾನ್ಯಿ ಜನಾಂಗದ ಅಲೆಕ್ಸಿಸ್ ರೈಟ್ ಅವರ ‘ಕಾರ್ಪೆಂಟೇರಿಯಾ’ಕ್ಕೆ ಬಂದಿತು. ದೊಡ್ಡ ಪ್ರಕಾಶಕರು ಬೇಡವೆಂದ ಆ ಹಸ್ತಪ್ರತಿಯನ್ನು ಅಚ್ಚುಮಾಡಿದುದು ಒಂದು ಚಿಕ್ಕ ಸಂಸ್ಥೆ. 2024ರಲ್ಲಿ ‘ಪ್ರೇಸ್‌ವರ್ದಿ’ ಎಂಬ ಕೃತಿಗಾಗಿ ಅದೇ ಲೇಖಕಿಗೆ ಪ್ರಶಸ್ತಿ ಮತ್ತೊಮ್ಮೆ ಒಲಿಯಿತು.

ಈ ‘ಕಾರ್ಪೆಂಟೇರಿಯಾ’ವೇ ಮೆಲ್ಬರ್ನಿನ ವಾಚಕಕೂಟದ ಮುಂದಿನ ಪುಸ್ತಕವಾಗಿತ್ತೆಂದು ಎರಡನೆಯ ಪತ್ರದಿಂದ ತಿಳಿಯಿತು. ಉತ್ತರದ ಕೊಲ್ಲಿಯ ಬಳಿ ಡೆಸ್ಪರೆನ್ಸ್ ಎಂಬ ಕಲ್ಪಿತ ಊರು. ಅದರ ಅಂಚಿಗೆ ತಳ್ಳಲ್ಪಟ್ಟ ಮೂಲನಿವಾಸಿಗಳು. ಅವರ ನೆಲವನ್ನು ಅಗೆಯುವ ಗಣಿ. ನೆಲವನ್ನು ಸೃಷ್ಟಿಸಿದ ಪುರಾತನ ಸರ್ಪ. ಕಥೆ ನೇರವಾಗಿ ನಡೆಯದೆ, ಅಜ್ಜಿ ಹೇಳಿದ ಕಥೆಯಂತೆ ಸುತ್ತಿ ಬಳಸಿ ಸಾಗುತ್ತದೆ. ಕೂಟದಲ್ಲಿ ಬಹುಮಂದಿ ತಲೆಬುಡ ತಿಳಿಯದೆಂದರಂತೆ. ಆಗ ನನ್ನ ವಿದ್ಯಾರ್ಥಿನಿ ಮೆಲ್ಲನೆ, “ನನಗೆ ನಡುವಣ ನೂರು ಪುಟ ಬೇಸರವಾಯಿತು. ಆದರೆ ಸುತ್ತಿ ಬಳಸುವುದು ತೊಡಕೆನಿಸಲಿಲ್ಲ. ಪುರಾಣವೂ ನಿನ್ನೆಯ ಸುದ್ದಿಯೂ ಒಂದೇ ಉಸಿರಿನಲ್ಲಿ ಬರುವ ಕಥೆಗಳನ್ನು ಕೇಳುತ್ತಲೇ ನಾನು ಬೆಳೆದೆ” ಎಂದಳು. ಕೂಟ ಮುಗಿದ ಮೇಲೆ ಆ ನಿವೃತ್ತ ದಾದಿ ಅವಳ ಕೈ ಹಿಡಿದು, “ಹಾಗಾದರೆ ನಾನೂ ಮತ್ತೊಮ್ಮೆ ಓದಿ ನೋಡುತ್ತೇನೆ” ಎಂದಳಂತೆ. ಬೇಸರವನ್ನೂ ಮುಚ್ಚಿಡದೆ ಹೇಳಿದ್ದರಿಂದಲೇ ಅವಳ ಮೆಚ್ಚುಗೆಗೆ ಬೆಲೆ ಬಂದಿತು.

ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಬಹುಮಾನವೆಂಬುದು ಐದಾರು ಮಂದಿ ಬಲ್ಲವರು ಒಂದು ವರ್ಷ ಹೇಳಿದ ಅಭಿಪ್ರಾಯ. ಅದಕ್ಕೆ ಮರ್ಯಾದೆ ಸಲ್ಲಬೇಕು. ಎಂದರೆ ಪುಸ್ತಕವನ್ನು ಇನ್ನೊಂದು ಸಲ ತೆರೆಯಬೇಕು. ಅನಂತರವೂ ಹಿಡಿಸದಿದ್ದರೆ ಏಕೆಂಬುದನ್ನು ಹೇಳಲು ಕಲಿಯಬೇಕು. ನಮ್ಮ ಆಲಂಕಾರಿಕರು ಓದುಗನನ್ನು ‘ಸಹೃದಯ’ನೆಂದು ಕರೆದರು, ಭಟ್ಟಂಗಿಯೆಂದಲ್ಲ.

ಎರಡನೆಯ ಪ್ರಶ್ನೆಯ ಉತ್ತರವನ್ನೂ ಅವಳಿಗೆ ಬರೆದೆ. ಸುಳ್ಳು ಹೇಳುವುದನ್ನು ಅವಳು ಕಲಿತುದು ನನ್ನ ತರಗತಿಯಲ್ಲಿ. ವರ್ಷಗಳ ಹಿಂದೆ, ಪ್ರಶಸ್ತಿ ಪಡೆದ ಕನ್ನಡ ಕಾದಂಬರಿಯೊಂದನ್ನು ನಾನು ಪಾಠ ಹೇಳುತ್ತಿದ್ದಾಗ ಅವಳು ಎದ್ದು ನಿಂತು, “ಇದರಲ್ಲಿ ಹೆಂಗಸರೊಬ್ಬರೂ ಜೀವಂತವಾಗಿಲ್ಲ, ಸರ್” ಎಂದಿದ್ದಳು. “ಕೂತುಕೋಮ್ಮ, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಬರುವುದಿಲ್ಲ” ಎಂದು ನಾನು ತರಗತಿಯನ್ನು ನಗಿಸಿದ್ದೆ. ಅವಳು ಕುಳಿತಳು. ಅಂಕವೂ ಬಂದಿತು. ಪತ್ರ ಬಂದ ಮೇಲೆ ಆ ಕಾದಂಬರಿಯನ್ನು ಮತ್ತೆ ತೆಗೆದು ಓದಿದೆ. ಅವಳು ಹೇಳಿದುದು ನಿಜ.

ಈ ವರ್ಷವೂ ಅದೇ ಕಾದಂಬರಿ ಪಠ್ಯವಾಗಿದೆ. ಬರುವ ಸೋಮವಾರ ಪಾಠವನ್ನು ಅವಳ ಆ ವಾಕ್ಯದಿಂದಲೇ ಪ್ರಾರಂಭಿಸಬೇಕೆಂದಿದ್ದೇನೆ. ವಾಚಕರೂ ತಮಗೆ ಹಿಡಿಸದೆಹೋದ ಪ್ರಶಸ್ತಿವಿಜೇತ ಕೃತಿಯೊಂದನ್ನು ಕುರಿತು, ಕಾರಣ ಸಹಿತವಾಗಿ, ನನಗೆ ಬರೆದು ತಿಳಿಸುವರೆಂದು ನಂಬಿದ್ದೇನೆ.