ಎದೆ ನೋಯದ ಹೃದಯಾಘಾತ

ನವಲಗುಂದದ ಎರೆ ಹೊಲದಲ್ಲಿ ಹೆಸರಿನ ಕಳೆ ತೆಗೆಯುತ್ತ ಕೂತ ಹೆಣ್ಣುಮಗಳಿಗೆ ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟರೆ ಮನೆಯವರು ‘ಬಿಸಿಲಿಗೆ ಪಿತ್ತ ಆಗೇತಿ’ ಎನ್ನುತ್ತಾರೆ. ಆಕೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೆ ಆ ಮಾತನ್ನು ಅಷ್ಟು ಸಲೀಸಾಗಿ ಒಪ್ಪಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುತ್ತದೆಂಬುದು ನಮ್ಮ ಹಳ್ಳಿಗಳಿಗೆ ಗೊತ್ತು. ಹೃದಯದ ಬಡಿತ, ರಕ್ತದೊತ್ತಡಗಳನ್ನು ನಮ್ಮ ಅರಿವಿಲ್ಲದೆ ನಡೆಸುವ ನರಗಳನ್ನೂ ಅದು ಕೆಡಿಸುತ್ತದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲ ಪೆಟ್ಟು ಸಾಮಾನ್ಯವಾಗಿ ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ಉದ್ದನೆಯ ವೇಗಸ್ ನರಕ್ಕೆ. ಬಡಿತಕ್ಕೆ ಕಡಿವಾಣ ಹಾಕುವ ಈ ನರ ಸೋತರೆ ಸುಮ್ಮನೆ ಕೂತಾಗಲೂ ನಾಡಿ ನೂರರ ಆಸುಪಾಸು ಓಡುತ್ತದೆ. ರಕ್ತನಾಳಗಳನ್ನು ಬಿಗಿಯುವ ನರಗಳೂ ಸೋತಾಗ, ಎದ್ದು ನಿಂತರೆ ಬಿ.ಪಿ. ಕುಸಿಯುತ್ತದೆ. ನೋವಿನ ಸುದ್ದಿ ಒಯ್ಯುವ ತಂತುಗಳು ಕೆಟ್ಟರಂತೂ ಹೃದಯಾಘಾತವಾದರೂ ಎದೆ ನೋಯದಿರಬಹುದು; ಬರೀ ಬೆವರು, ಸುಸ್ತು, ಏದುಸಿರು, ವಾಕರಿಕೆ. ಕುಂದಗೋಳವಿರಲಿ ಕಲಘಟಗಿಯಿರಲಿ, ಅದಕ್ಕೆ ಜನ ಇಡುವ ಹೆಸರು ‘ಗ್ಯಾಸ್’.

ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತದೆ. ಮೆಚ್ಚಬೇಕಾದ ಕೆಲಸ. ಆದರೆ ಎದೆನೋವೇ ಇಲ್ಲದವರು ಅಲ್ಲಿಗೆ ಹೋಗುವುದಾದರೂ ಏಕೆ? ಅದಕ್ಕೇ ನನ್ನ ವಾದ ಇಷ್ಟು: ಸಕ್ಕರೆ ಕಾಯಿಲೆಯವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ನಾಡಿ ಎಣಿಸಬೇಕು, ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ಎಬ್ಬಿಸಿ ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಎಚ್ಚರಿಕೆ. ಹೊಸ ಯಂತ್ರವೇನೂ ಬೇಡ.

ಸಿಬ್ಬಂದಿಗೆ ಪುರಸೊತ್ತೆಲ್ಲಿ ಎಂಬ ಆಕ್ಷೇಪ ನಿಜ. ವರ್ಷದ ಹತ್ತು ನಿಮಿಷ ಹೊಂದಿಸಲಾಗದ ಹೊರೆಯಲ್ಲ. ತಲೆಸುತ್ತಿಗೆ ರಕ್ತಹೀನತೆ, ಬಿಸಿಲು ಕಾರಣವಿರಬಹುದು ಎಂಬುದೂ ನಿಜ, ಅಳೆದು ನೋಡಬೇಕಾದದ್ದು ಆ ಕಾರಣಕ್ಕೇ. ಕೆಟ್ಟ ನರ ಸರಿಹೋಗುವುದು ಕಷ್ಟವಾದ ಮೇಲೆ ತಿಳಿದೇನು ಫಲ ಎನ್ನುವವರ ಪ್ರಶ್ನೆ ಇನ್ನೂ ಗಟ್ಟಿಯದು. ಅಮೆರಿಕ, ಕೆನಡಾಗಳ ‘ಅಕಾರ್ಡ್’ ಅಧ್ಯಯನದ 8,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು 2010ರಲ್ಲಿ ಪರಿಶೀಲಿಸಿದಾಗ, ಈ ನರದೋಷವಿದ್ದವರಲ್ಲಿ ಸಾವಿನ ಅಪಾಯ ಸುಮಾರು ಒಂದೂವರೆಯಿಂದ ಎರಡು ಪಟ್ಟು ಕಂಡಿತು. ಇನ್ನೊಂದೆಡೆ, ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಹಿಡಿತದಲ್ಲಿಟ್ಟರೆ ನರದೋಷ ಹೆಚ್ಚುವ ಅಪಾಯ ಗಣನೀಯವಾಗಿ ತಗ್ಗುತ್ತದೆಂದು ಡೆನ್ಮಾರ್ಕ್‌ನ ‘ಸ್ಟೆನೊ-2’ ಅಧ್ಯಯನ 2003ರಲ್ಲಿ ತೋರಿಸಿತು. ದೋಷ ಗೊತ್ತಾದರೆ ಬಿ.ಪಿ. ಕುಸಿಯುವಂತೆ ಮಾಡುವ ಮಾತ್ರೆಯನ್ನು ವೈದ್ಯರು ಬದಲಿಸಬಹುದು, ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರು ಎಚ್ಚರ ವಹಿಸಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಕಾರಣವಿಲ್ಲದೆ ಬೆವರಿ ಏದುಸಿರು ಬಿಟ್ಟ ದಿನ ಸೋಡಾ ಕುಡಿಸಿ ಮಲಗಿಸಬೇಡಿ; ಎದೆ ನೋಯದಿದ್ದರೂ ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.