ಮಕ್ಕಳ ಪರ ನಿಲ್ಲಲು ಯಾವ ಪದವಿ?

ದುಬಲಗುಂಡಿಯ ತಂದೆಯೊಬ್ಬರು ಇತ್ತೀಚೆಗೆ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದರು. ಮಗಳು ಪಿಯುಸಿ ಕಲಾ ವಿಭಾಗದಲ್ಲಿ ತೇರ್ಗಡೆಯಾಗಿದ್ದಾಳೆ. ಮಕ್ಕಳ ಹಕ್ಕುಗಳ ಕುರಿತು ಓದಬೇಕೆನ್ನುತ್ತಾಳೆ. ಬಡವರ ಕೈಗೆಟುಕುವ ಅಂತಹ ಪದವಿ ಎಲ್ಲಿದೆ?

ಆ ಹೆಸರಿನ ಪದವಿಯನ್ನೇ ಅರಸುತ್ತ ಹೊರಟರೆ ಮಹಾನಗರಗಳ ದುಬಾರಿ ಶುಲ್ಕದ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಆದರೆ ಕಾನೂನು ಆ ಹೆಸರನ್ನು ಕೇಳುವುದೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಪೀಠಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಅನಾಥ ಮಗು ಎಲ್ಲಿ ಬೆಳೆಯಬೇಕು, ದುಡಿಮೆಯಿಂದ ಬಿಡಿಸಿ ತಂದ ಬಾಲಕನನ್ನು ಯಾರ ವಶಕ್ಕೆ ಒಪ್ಪಿಸಬೇಕು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಅದರ ಸದಸ್ಯತ್ವಕ್ಕೆ ಪರಿಗಣಿತವಾಗುವ ಪದವಿಗಳಲ್ಲಿ ಕಾನೂನು, ಮಕ್ಕಳ ಮನಃಶಾಸ್ತ್ರಗಳ ಜೊತೆಗೆ ಸಮಾಜಕಾರ್ಯವೂ ಸಮಾಜಶಾಸ್ತ್ರವೂ ಇವೆ. "ಬಿಎ ಓದಿ ಏನು ಮಾಡುತ್ತೀ?" ಎಂದು ನಮ್ಮ ಮನೆಗಳಲ್ಲಿ ಮೂಗು ಮುರಿಯುವುದು ಇದೇ ಸಮಾಜಶಾಸ್ತ್ರದ ಬಗ್ಗೆ!

ಆದ್ದರಿಂದ ಆ ತಂದೆಗೆ ನಮ್ಮ ಉತ್ತರ ಇಷ್ಟೇ: ಮಗಳನ್ನು ಹತ್ತಿರದ ಸರ್ಕಾರಿ ಪದವಿ ಕಾಲೇಜಿಗೆ ಸೇರಿಸಿ, ಸಮಾಜಶಾಸ್ತ್ರ ಓದಲಿ. ಮುಂದೆ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇದೆ. ಊರು ಬಿಡಲಾಗದವರಿಗೆ ಇಗ್ನೋದ ದೂರಶಿಕ್ಷಣವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಮಕ್ಕಳ ಹಕ್ಕುಗಳ ಕಾನೂನಿನಲ್ಲಿಯೇ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿದ್ದು, ಅದಕ್ಕೆ ವಕೀಲರೇ ಆಗಿರಬೇಕೆಂದಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಕೇಂದ್ರದ ಮಾದರಿ ನಿಯಮಗಳಂತೆ ಸಮಿತಿಯ ಸದಸ್ಯರಿಗೆ 35 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೋ ಸ್ವಯಂಸೇವಾ ಸಂಸ್ಥೆಗಳಲ್ಲೋ ದುಡಿಯಬೇಕು. ಅಲ್ಲಿನ ಹುದ್ದೆಗಳು ಬಹುತೇಕ ಗುತ್ತಿಗೆಯವು, ಸಂಬಳವೂ ಅಲ್ಪ. ಸುಖದ ಹಾದಿ ಇದಲ್ಲ.

ಆದರೂ ಈ ಹಾದಿಯಲ್ಲಿ ನಮ್ಮವರು ಬೇಕು. ಬೀದರ್ ಜಿಲ್ಲೆಯಿಂದ ಹೈದರಾಬಾದ್, ಮುಂಬಯಿಗಳಿಗೆ ಕೂಲಿಗೆ ಹೊರಡುವ ಕುಟುಂಬಗಳ ಜೊತೆ ಮಕ್ಕಳೂ ಶಾಲೆ ಬಿಟ್ಟು ಹೋಗುತ್ತಾರೆ. ಮಗುವಿನ ಮೇಲೆ ದೌರ್ಜನ್ಯ ನಡೆದರೆ ಹಿರಿಯರು ಕುಳಿತು 'ಮರ್ಯಾದೆ'ಯ ಹೆಸರಲ್ಲಿ ರಾಜಿ ಮಾಡಿಸುವ ಚಾಳಿ ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಅಳಿದಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ನೀಡದಿರುವುದೇ ಅಪರಾಧ ಎಂಬುದು ಆ ಹಿರಿಯರಲ್ಲಿ ಎಷ್ಟು ಜನರಿಗೆ ತಿಳಿದಿದೆ? ಮದರಸಗಳೂ ಈ ಕಾಯ್ದೆಗೆ ಹೊರತಲ್ಲ. ಮದರಸದಲ್ಲಿಯೇ ಕಲಿತ ನಾವು ಇದನ್ನು ಹೇಳಲು ಹಿಂಜರಿಯುವುದಿಲ್ಲ. ಭಯಗೊಂಡ ಹೆಣ್ಣುಮಗುವೊಂದು ತನ್ನ ಮನೆಮಾತಿನಲ್ಲಿ ನಡೆದದ್ದನ್ನು ಹೇಳಿಕೊಳ್ಳಬೇಕಾದರೆ, ಆ ಮಾತು ಬಲ್ಲ ಹೆಂಗಸೊಬ್ಬಳು ಎದುರಿಗಿರಬೇಡವೇ?

ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿದಾಗ ನಾವೆಲ್ಲ ಪ್ರತಿಭಟಿಸಿದೆವು, ಅದು ನ್ಯಾಯವೇ ಆಗಿತ್ತು. ಆದರೆ ವಲೀಮಾದ ಒಂದು ರಾತ್ರಿಯ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ಊರಿನಲ್ಲಿ ಬಿಎ ವಿದ್ಯಾರ್ಥಿನಿಯೊಬ್ಬಳ ಪುಸ್ತಕದ ಖರ್ಚು ಹೊರಲು ಮಸೀದಿ ಕಮಿಟಿಗೆ ಯಾರ ಅನುಮತಿಯೂ ಬೇಕಿಲ್ಲ. ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ನಿಯಮವಿದೆ. ಮುಂದಿನ ಸಭೆ ಎಂದು ಎಂಬುದನ್ನು ಆ ಹುಡುಗಿ ದುಬಲಗುಂಡಿಯ ಪಂಚಾಯತಿ ಕಚೇರಿಯಲ್ಲಿ ನಾಳೆಯೇ ವಿಚಾರಿಸಬಹುದು.