ನಿಕ್ಷೇಪದ ಕಾದಂಬರಿಯೂ ಕನ್ನಡದ ಪಂಡಿತರೂ

ಬಸವನಗುಡಿಯ ಗಾಂಧಿ ಬಜಾರಿನಲ್ಲಾಗಲಿ ಮಲ್ಲೇಶ್ವರದ ಬೀದಿಗಳಲ್ಲಾಗಲಿ ಪುಸ್ತಕದಂಗಡಿಯೊಂದನ್ನು ಹೊಕ್ಕು, ಹಳೆಯ ಶಾಸನದ ಜಾಡು ಹಿಡಿದು ಹುದುಗಿದ ನಿಧಿಯನ್ನರಸುವ ಸಾಹಸದ ಕಾದಂಬರಿಯೊಂದು ಕನ್ನಡದಲ್ಲಿ ಬೇಕೆಂದು ಕೇಳುವ ತರುಣನಿಗೆ ದೊರೆಯುವ ಉತ್ತರವು ಬಹು ಚಿಕ್ಕದು. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಒಂದು; ಕೆ. ಎನ್. ಗಣೇಶಯ್ಯನವರ ಕೃತಿಗಳು ಕೆಲವು. ಅನಂತರ ಹೆಸರುಗಳಿಗಾಗಿ ತಡಕಾಡಬೇಕಾಗುತ್ತದೆ. ಅವನು ಇಂಗ್ಲಿಷಿನ ಕಡೆಗೆ ತಿರುಗಿದನೆಂದರೆ, 1885ರಲ್ಲಿ ಹ್ಯಾಗರ್ಡನು ಬರೆದ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಮೊದಲ್ಗೊಂಡು ಸಾಲುಸಾಲಾಗಿ ದೊರೆಯುತ್ತವೆ. ಆಫ್ರಿಕದ ಗುಹೆಯೂ ಈಜಿಪ್ಟಿನ ಗೋರಿಯೂ ಅವನಿಗೆ ಪರಿಚಿತವಾಗುತ್ತವೆ; ಮನೆಯ ಮಗ್ಗುಲಲ್ಲಿರುವ ಕಲ್ಲು ಏನು ಹೇಳುತ್ತದೆಂಬುದು ಮಾತ್ರ ತಿಳಿಯದೆಯೇ ಉಳಿಯುತ್ತದೆ. ಈ ಕೊರತೆಗೆ ಕಾರಣವು ಓದುಗರ ಅಭಾವವಲ್ಲ, ವಸ್ತುವಿನ ಅಭಾವವೂ ಅಲ್ಲ. ಇಂಥ ಕಾದಂಬರಿಯು ಸಾಹಿತ್ಯವೇ ಅಲ್ಲವೆಂದು ಪಂಡಿತವರ್ಗವು ತಳೆದಿರುವ ತಿರಸ್ಕಾರವೇ ಕಾರಣವು.

ಈ ತಿರಸ್ಕಾರದ ಮೊದಲನೆಯ ವಾದವೇನೆಂದರೆ, ನಿಧಿಯ ಕಥೆಯು ಅಗ್ಗದ ಕುತೂಹಲವನ್ನು ಕೆರಳಿಸುವುದೇ ಹೊರತು ಬುದ್ಧಿಗೆ ಆಹಾರವನ್ನೀಯದು ಎಂಬುದು. ಪತ್ತೇದಾರಿ ಕಾದಂಬರಿಗಳ ವಿಷಯದಲ್ಲಿಯೂ ಇದೇ ಮಾತನ್ನು ಆಡಿದ್ದುಂಟು. ಆದರೂ ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು ಅಕ್ಷರ ಕಲಿತ ಸಾಮಾನ್ಯ ಜನರಲ್ಲಿ ಕನ್ನಡವನ್ನೋದುವ ಚಟವನ್ನು ಬೆಳೆಸಿದುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದಿರಲಿ, ಪಾಂಡಿತ್ಯದ ತಾಯಿಬೇರೇ ಕುತೂಹಲವಲ್ಲವೆ? 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯೊಂದರ ಮೇಲಿನ ಬರಹವನ್ನು ಕಂಡನು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅಶೋಕನ ಹೆಸರಿರಲಿಲ್ಲ. ಆ ಹೆಸರು ಮಸ್ಕಿಯ ಬಂಡೆಯಲ್ಲಿ ದೊರೆಯಿತು. ಚಿನ್ನದ ಕೆಲಸದವನಿಗೆ ಚಕ್ರವರ್ತಿಯ ಹೆಸರು ದೊರೆತ ಈ ಸಂಗತಿಗಿಂತ ಮಿಗಿಲಾದ ಕಥಾವಸ್ತುವನ್ನು ಯಾವ ಕಾದಂಬರಿಕಾರನು ಕಟ್ಟಬಲ್ಲನು? 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯ ಗರಿಗಳ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಇದೂ ನಿಕ್ಷೇಪಶೋಧನೆಯೇ. ಪಂಡಿತರು ತಮ್ಮ ಗುರುಗಳ ಸಾಹಸವನ್ನು ಕೊಂಡಾಡುತ್ತ, ಅದೇ ಸಾಹಸವನ್ನು ಕಥೆಯಲ್ಲಿ ಕಂಡಾಗ ಮೂಗುಮುರಿಯುವುದು ನ್ಯಾಯವಲ್ಲ.

ಎರಡನೆಯ ವಾದವು ಇದಕ್ಕಿಂತ ಗಂಭೀರವಾದುದು. ನಿಧಿಯ ಆಸೆಯಿಂದ ಗುಡಿಗೋಪುರಗಳನ್ನು ಕೆಡಹುವವರು ನಾಡಿನಲ್ಲಿ ಇದ್ದೇ ಇದ್ದಾರೆ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ಅಂಥವರು ಒಡೆದುಹಾಕಿದರು. ಹೀಗಿರುವಲ್ಲಿ ನಿಧಿಯ ಕಥೆಗಳನ್ನು ಹರಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಲ್ಲವೆ ಎಂದು ಕೇಳುತ್ತಾರೆ. ಆದರೆ ಹಾರೆ ಹಿಡಿದು ರಾತ್ರಿಯಲ್ಲಿ ಹೊರಡುವವನು ಕಾದಂಬರಿಯನ್ನೋದಿ ಹೊರಟವನಲ್ಲ. ಅವನನ್ನು ಹೊರಡಿಸಿದ್ದು ಅಂಜನ ಹಾಕುವವನ ಮಾತು, ಏಳು ಹೆಡೆಯ ಸರ್ಪದ ಕಾವಲಿನ ಗಾಳಿಸುದ್ದಿ. ಬೃಂದಾವನದಡಿಯಲ್ಲಿ ಕೊಪ್ಪರಿಗೆಯಿರುವುದೆಂದು ನಂಬಿದವನಿಗೆ ವ್ಯಾಸರಾಯರು ಯಾರೆಂಬುದರ ಅರಿವೇ ಇರಲಿಲ್ಲ. ಆ ಅರಿವನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ಶಕ್ತಿಯು ಶಾಸನಸಂಪುಟಗಳಿಗಿಲ್ಲ, ಕಥೆಗಿದೆ. ಅಗೆದು ದೊರೆತ ನಿಕ್ಷೇಪವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯು 1878ರ ಕಾನೂನಿನಲ್ಲಿಯೇ ಇತ್ತು. 1962ರಲ್ಲಿ ಈ ರಾಜ್ಯವೂ ಇದಕ್ಕೆಂದು ತನ್ನದೇ ಕಾನೂನನ್ನು ಮಾಡಿಕೊಂಡಿತು. ಕಾನೂನನ್ನು ಓದುವವರು ವಕೀಲರು ಮಾತ್ರ. ಕಾದಂಬರಿಯ ನಾಯಕನು ಹಾರೆಯನ್ನು ಕೆಳಗಿಟ್ಟು ಅಧಿಕಾರಿಗಳಿಗೆ ಸುದ್ದಿ ಕಳುಹಿಸಿದರೆ ಆ ನಡತೆಯನ್ನು ಸಾವಿರ ಜನರು ಓದುತ್ತಾರೆ.

ವಸ್ತುವಿಗಾಗಿ ಹಂಪೆಯವರೆಗೆ ಹೋಗಬೇಕಾದುದೂ ಇಲ್ಲ. ಬಸವನಗುಡಿಗೆ ಅಂಟಿಕೊಂಡಿರುವ ಗವಿಗಂಗಾಧರೇಶ್ವರನ ಗುಹೆಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ಅಲ್ಲಿಂದ ಕಾಶಿಗೆ ಸುರಂಗವಿರುವುದೆಂದು ಜನರು ಹೇಳುವುದೂ ಉಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನಿಯಲ್ ಚಿತ್ರಕಾರರು ಬರೆದ ಗುಡಿಯ ಚಿತ್ರಗಳನ್ನು ಇಂದಿನ ಕಟ್ಟಡದೊಡನೆ ಹೋಲಿಸಿದ ವಿಜ್ಞಾನಿಗಳು, ಹಿಂದೆ ಅಯನದ ದಿನಗಳಲ್ಲಿ ಬೆಳಕು ಒಳಗೆ ಬೀಳುತ್ತಿದ್ದಿತೆಂದೂ ಅನಂತರ ಎದ್ದ ಕಟ್ಟಡಗಳು ಆ ದಾರಿಯನ್ನು ಬದಲಿಸಿದುವೆಂದೂ 2008ರಲ್ಲಿ ತರ್ಕಿಸಿದರು. ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಬಳಿ 1669ರ ಶಾಸನವಿದೆ. ಅದು ಶಿವಾಜಿಯ ಮಲತಮ್ಮನಾದ ಏಕೋಜಿಯ ದಾನವನ್ನು ಹೇಳುತ್ತದೆ. ಅದರ ಎದುರಿಗೇ ಮಣ್ಣಿನಲ್ಲಿ ಮುಚ್ಚಿಹೋಗಿದ್ದ ನಂದಿತೀರ್ಥದ ಕಲ್ಯಾಣಿಯು 1997ರಲ್ಲಿ ಅಗೆತದಿಂದ ಬೆಳಕಿಗೆ ಬಂದಿತು. ಮರೆತ ಕೊಳ, ಮರಾಠರ ದಾನಪತ್ರ, ಬೆಳಕಿನ ಒಗಟು, ಗುಹೆ: ಇವಿಷ್ಟೂ ಒಂದು ಊರಿನ ಕೆಲವು ಬಡಾವಣೆಗಳೊಳಗೇ ಇರುವಾಗ, ಕಥೆಗೆ ವಸ್ತುವಿಲ್ಲವೆಂಬ ಮಾತು ಸೋಮಾರಿತನದ ಮಾತಾದೀತು.

ಬರೆದವರು ಇದನ್ನು ತೋರಿಸಿಕೊಟ್ಟಿದ್ದಾರೆ. ತೇಜಸ್ವಿಯವರು ಮಲೆನಾಡಿನ ಏಲಕ್ಕಿಯ ವ್ಯವಹಾರದ ನಡುವೆ ಹಳೆಯ ಕಾವ್ಯವೊಂದರ ಒಗಟನ್ನು ಹೆಣೆದು, ಕಾಡಿನ ಲೂಟಿಯ ಕಡೆಗೆ ಓದುಗನ ಕಣ್ಣನ್ನು ತಿರುಗಿಸಿದರು. ಕೃಷಿವಿಜ್ಞಾನಿಗಳಾದ ಗಣೇಶಯ್ಯನವರು ‘ಕನಕ ಮುಸುಕು’ವಿನಲ್ಲಿ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯಂಥ ವಸ್ತುವನ್ನೂ, ‘ಕರಿಸಿರಿಯಾನ’ದಲ್ಲಿ 1565ರ ಯುದ್ಧಾನಂತರದ ವಿಜಯನಗರದ ಸಂಪತ್ತನ್ನೂ ಹಿಡಿದು ಕಥೆ ಕಟ್ಟಿದರು, ಜೊತೆಗೆ ಆಧಾರಗಳನ್ನೂ ಕೊಡುತ್ತ ಬಂದರು. ಅವರ ಊಹೆಗಳೆಲ್ಲವನ್ನೂ ಒಪ್ಪಬೇಕೆಂದೇನೂ ಇಲ್ಲ. ಆ ಶಿಲ್ಪದ ತೆನೆಯು ಮುಸುಕಿನ ಜೋಳವೇ ಅಲ್ಲವೇ ಎಂಬುದು ವಿದ್ವಾಂಸರಲ್ಲಿ ವಿವಾದದ ವಿಷಯವೇ ಆಗಿದೆ. ಹಾಗಿದ್ದರೆ ವಿವಾದ ನಡೆಯಲಿ. ಕಾದಂಬರಿಯಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂಬುದನ್ನು ತೂಗಿ ಹೇಳಬೇಕಾದವರು ಶಾಸನಜ್ಞರಲ್ಲದೆ ಮತ್ತಾರು? ಅವರು ಮೌನವಾಗಿದ್ದರೆ ಓದುಗನು ಕಲ್ಪನೆಯನ್ನೇ ಇತಿಹಾಸವೆಂದು ನಂಬುವನು. ಆ ತಪ್ಪು ಕಾದಂಬರಿಕಾರನೊಬ್ಬನದೇ ಆಗಲಾರದು.

1915ರಲ್ಲಿ, ಮಸ್ಕಿಯ ಶಾಸನವು ದೊರೆತ ವರ್ಷದಲ್ಲಿಯೇ, ಇಂದು ಚಾಮರಾಜಪೇಟೆಯಲ್ಲಿ ನೆಲೆಗೊಂಡಿರುವ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಶಾಸನವನ್ನೂ ಸಾಹಿತ್ಯವನ್ನೂ ಒಂದೇ ಮನೆಯ ಮಕ್ಕಳೆಂದು ಕಂಡ ಕಾಲವದು. ಇಂದು ಜಿಲ್ಲೆಜಿಲ್ಲೆಯ ಸಂಘಗಳು ಮಾಡಬಹುದಾದ ಕೆಲಸವು ದೊಡ್ಡದೇನಲ್ಲ: ವಾಚನಾಲಯಗಳಲ್ಲಿ ಇಂಥ ಕೃತಿಗಳನ್ನು ಒಂದೆಡೆ ಸೇರಿಸಿ ಪಟ್ಟಿ ಮಾಡುವುದು, ಶಾಸನಜ್ಞರನ್ನೂ ಕಥೆಗಾರರನ್ನೂ ಒಂದೇ ಜಗಲಿಯ ಮೇಲೆ ಕುಳ್ಳಿರಿಸುವುದು, ಒಳ್ಳೆಯದಕ್ಕೆ ಒಳ್ಳೆಯದೆಂದೂ ಕೆಟ್ಟದ್ದಕ್ಕೆ ಕೆಟ್ಟದ್ದೆಂದೂ ವಿಮರ್ಶೆ ಬರೆಯಿಸುವುದು. ಇಷ್ಟನ್ನೂ ಮಾಡದೆ ನಾಡಿನ ಶಾಸನಗಳು ಹಾಳಾದುವೆಂದು ಮರುಗುವುದರಲ್ಲಿ ಅರ್ಥವಿಲ್ಲ. ಕಲ್ಲಿನ ಕಥೆಯನ್ನು ಬಲ್ಲವನು ಆ ಕಲ್ಲನ್ನು ಒಡೆಯಲಾರನು.